ಹದಿನೇಳು ಹಂಪುಗಳು

ನಮ್ಮ ಮನೆಯಿಂದ ನಾನು ಪಾಠ ಮಾಡುವ ಶಾಲೆಗೆ ಹದಿನೇಳು ಹಂಪುಗಳಿವೆ. ಹನುಮಂತನಗರದಿಂದ ಹೊರಟು, ದೊಡ್ಡ ರಸ್ತೆಯ ಸಿಗ್ನಲ್ಲುಗಳನ್ನು ತಪ್ಪಿಸಿ ಒಳರಸ್ತೆಗಳನ್ನೇ ಹಿಡಿದು ಪದ್ಮನಾಭನಗರ ಸೇರುವಷ್ಟರಲ್ಲಿ ಹದಿನೇಳು. ಎಂಟಕ್ಕೆ ಬಿಳಿ ಪಟ್ಟೆ ಇದೆ, ಆರಕ್ಕೆ ಒಂದು ಕಾಲದಲ್ಲಿ ಇತ್ತು, ಉಳಿದ ಮೂರನ್ನು ಯಾರು ಯಾವ ರಾತ್ರಿ ಹಾಕಿದರೋ ಆ ಬೀದಿಯ ನಾಯಿಗಳಿಗೇ ಗೊತ್ತು. ಗುಂಡಿಗಳ ಲೆಕ್ಕ ಬೇರೆ, ಅವು ಮಳೆಗೊಮ್ಮೆ ಜಾಗ ಬದಲಿಸುತ್ತವೆ. ಹಂಪುಗಳು ಮಾತ್ರ ಸ್ಥಿರ. ಬೇಕರಿ ಮುಂದೆ ಒಂದು, ಗಣಪತಿ ಗುಡಿ ತಿರುವಿನಲ್ಲಿ ಒಂದು, ಹಿಟ್ಟಿನ ಗಿರಣಿ ದಾಟಿದ ಮೇಲೆ ಬೆನ್ನುಬೆನ್ನಿಗೆ ಎರಡು. ರಸ್ತೆ ಸುರಕ್ಷತೆಯ ಮೇಲಿನ ಕಾಳಜಿಯಿಂದ ಇದನ್ನೆಲ್ಲ ಎಣಿಸಿಟ್ಟವಳಲ್ಲ ನಾನು. ಸ್ಕೂಟರು ಹಂಪ್ ಏರಿ ಧೊಪ್ಪನೆ ಇಳಿದಾಗಲೆಲ್ಲ ನನಗೆ ಎರಡು ಹನಿ ಹೋಗುತ್ತಿತ್ತು.

ಹನಿ ಎಂದರೆ ಮೂತ್ರ. ಇಷ್ಟನ್ನು ಬರೆಯುವುದಕ್ಕೆ ಒಂಬತ್ತು ವರ್ಷ ಹಿಡಿಯಿತು.

ಇಪ್ಪತ್ತಾರು ವರ್ಷಗಳಿಂದ ಪ್ರೌಢಶಾಲೆಯಲ್ಲಿ ಕನ್ನಡ ಕಲಿಸುತ್ತಿದ್ದೇನೆ. ಒಂದು ಪದಕ್ಕೆ ನಾಲ್ಕು ಸಮಾನಾರ್ಥಕ ಹೇಳಿಕೊಡುವುದು ನನ್ನ ಕಸುಬು. ಈ ವಿಷಯಕ್ಕೆ ಬಂದಾಗ ಪದಗಳೇ ಕೈಕೊಟ್ಟವು. ಹೋಗಿಬರುವುದಕ್ಕೆ ನಮ್ಮಲ್ಲಿ ಮಾತುಗಳಿವೆ: ಒಂದಕ್ಕೆ ಹೋಗುವುದು, ಜಲಬಾಧೆ ತೀರಿಸಿಕೊಳ್ಳುವುದು, ಮಕ್ಕಳಿಗೆ ಸುಸ್ಸು, ಹಳ್ಳಿಯಲ್ಲಿ ನೇರವಾಗಿ ಉಚ್ಚೆ. ತಾನಾಗಿ ಹೋಗಿಬಿಡುವುದಕ್ಕೆ ಹೆಂಗಸರು ಬಳಸಬಹುದಾದ ಒಂದು ಮರ್ಯಾದೆಯ ಮಾತಿಲ್ಲ. ಸೋರಿಕೆ ಎಂದರೆ ನಮ್ಮ ಸ್ಟಾಫ್ ರೂಮಿನಲ್ಲಿ ಪ್ರಶ್ನೆಪತ್ರಿಕೆಯದು, ಮನೆಯಲ್ಲಿ ನಲ್ಲಿಯದು. ವೈದ್ಯರ ಮುಂದೆ ಕುಳಿತಾಗ ನನ್ನ ಬಾಯಿಂದ ಬಂದದ್ದು "ಅದು… ಸ್ವಲ್ಪ… ತಡೆಯುವುದಕ್ಕೆ ಆಗುವುದಿಲ್ಲ" ಎಂಬ, ಕರ್ತೃ ಕರ್ಮ ಎರಡೂ ಇಲ್ಲದ ವಾಕ್ಯ.

ಎರಡನೆಯ ಹೆರಿಗೆಯಾದ ಮೇಲೆ ಸೀನಿದಾಗ ಒಮ್ಮೊಮ್ಮೆ ಹೀಗಾಗುತ್ತಿತ್ತು. ಬಾಣಂತಿಗೆ ಇವೆಲ್ಲ ಇದ್ದದ್ದೇ ಎಂದರು, ಬಿಟ್ಟೆ. ನಲವತ್ತಮೂರರ ಹೊತ್ತಿಗೆ ಅದು ದಿನದ ಮಾತಾಯಿತು. ಕೆಮ್ಮಿದರೆ, ನಕ್ಕರೆ, ಗ್ಯಾಸ್ ಸಿಲಿಂಡರ್ ಎಳೆದರೆ. ಆಮೇಲೆ ಇನ್ನೊಂದು ಬಗೆ ಸೇರಿಕೊಂಡಿತು. ಶಾಲೆಯಿಂದ ಬಂದು ಗೇಟು ತೆಗೆಯುವವರೆಗೂ ಏನೂ ಇರುವುದಿಲ್ಲ. ಬ್ಯಾಗಿನಲ್ಲಿ ಕೈಹಾಕಿ ಬೀಗದ ಕೈ ಮುಟ್ಟಿದೆನೋ ಇಲ್ಲವೋ, ಒಳಗಿನಿಂದ ಯಾರೋ ತಳ್ಳಿದ ಹಾಗೆ ಅವಸರ. ಬೀಗಕ್ಕೂ ಬಚ್ಚಲಿಗೂ ನಡುವೆ ಹನ್ನೊಂದು ಹೆಜ್ಜೆ. ಎಷ್ಟೋ ಸಂಜೆ ಹನ್ನೊಂದು ಹೆಜ್ಜೆ ನನ್ನ ಕೈಯಲ್ಲಿ ಆಗಲಿಲ್ಲ.

ಉಪಾಯಗಳಿಗೆ ಕೊರತೆ ಇರಲಿಲ್ಲ. ಗಾಢ ಬಣ್ಣದ ಸೀರೆಗಳು. ಮುಟ್ಟು ನಿಂತು ಎರಡು ವರ್ಷವಾದ ಮೇಲೂ ಮೆಡಿಕಲ್ ಅಂಗಡಿಯಿಂದ ಪ್ಯಾಡ್ ತರುತ್ತಿದ್ದೆ. ಅಂಗಡಿಯವನು ಹಳೆಯ ಪತ್ರಿಕೆಯಲ್ಲಿ ಸುತ್ತಿಕೊಡುವಾಗ ಅವನ ಲೆಕ್ಕದಲ್ಲಿ ನನಗಿನ್ನೂ ಯೌವನ. ಸ್ಟಾಫ್ ರೂಮಿನ ಬೀರುವಿನಲ್ಲಿ, ಉತ್ತರಪತ್ರಿಕೆಗಳ ಕಟ್ಟಿನ ಹಿಂದೆ, ಒಂದು ಲಂಗ. ಮಧ್ಯಾಹ್ನ ಒಂದು ಗಂಟೆಯವರೆಗೆ ನೀರು ಮುಟ್ಟುತ್ತಿರಲಿಲ್ಲ. ಎಲ್ಲಕ್ಕಿಂತ ದೊಡ್ಡ ಉಪಾಯ ಅಮ್ಮ ಕಲಿಸಿದ್ದು: ಹೊರಡುವ ಮೊದಲು ಬರಲಿ ಬಿಡಲಿ, ಒಂದು ಸಲ ಹೋಗಿ ಬಾ. ಚಿಕ್ಕಂದಿನಲ್ಲಿ ಬಸ್ಸು ಹತ್ತುವ ಮುಂಚೆ ಅಮ್ಮ ಹೇಳುತ್ತಿದ್ದ ಮಾತನ್ನು ನಾನು ವ್ರತದಂತೆ ಪಾಲಿಸಿದೆ. ತರಗತಿಗೆ ಮುಂಚೆ, ತರಗತಿಯ ನಂತರ, ಮದುವೆ ಮನೆಯಲ್ಲಿ ಪಂಕ್ತಿಗೆ ಕೂರುವ ಮುಂಚೆ, ಎದ್ದ ಮೇಲೆ. ಮೆಟ್ರೋ ನಿಲ್ದಾಣಗಳಲ್ಲಿ ಶೌಚಾಲಯ ಯಾವ ತುದಿಯಲ್ಲಿದೆ, ಗಾಂಧಿಬಜಾರಿನ ಯಾವ ಹೋಟೆಲಿನಲ್ಲಿ ಕಾಫಿ ಕುಡಿಯದಿದ್ದರೂ ಒಳಗೆ ಬಿಡುತ್ತಾರೆ, ಮೆಜೆಸ್ಟಿಕ್ಕಿನಲ್ಲಿ ಚಿಲ್ಲರೆ ಕೈಯಲ್ಲೇ ಹಿಡಿದಿರಬೇಕಾದದ್ದು ಎಲ್ಲಿ, ಇವೆಲ್ಲ ಬಾಯಿಪಾಠ. ಇಷ್ಟು ಮುಂಜಾಗ್ರತೆಯ ಹೆಂಗಸು ನಮ್ಮ ಬಂಧುಬಳಗದಲ್ಲೇ ಇಲ್ಲವೆಂದು ನನಗೆ ಒಳಗೊಳಗೇ ಹೆಮ್ಮೆಯೂ ಇತ್ತು.

2023ರ ಜೂನ್ 11ರಂದು ಶಕ್ತಿ ಯೋಜನೆ ಬಂದು ಹೆಂಗಸರಿಗೆ ಸರ್ಕಾರಿ ಬಸ್ಸು ಉಚಿತವಾಯಿತು. ಮುಂದಿನ ತಿಂಗಳೇ ನಮ್ಮ ಶಾಲೆಯ ಆರು ಜನ ಟೀಚರುಗಳು ಧರ್ಮಸ್ಥಳಕ್ಕೆ ಹೊರಟರು. ಸುಮಾರು 300 ಕಿಲೋಮೀಟರು, ರಾತ್ರಿ ಬಸ್ಸು, ನಿಲ್ಲಿಸುವುದು ಡ್ರೈವರನ ದಯೆ, ಆಮೇಲೆ ಶಿರಾಡಿ ಘಾಟಿಯ ತಿರುವುಗಳು. ನನಗೆ ಬೆನ್ನುನೋವು ಎಂದು ಹೇಳಿದೆ. ಅವರು ತಂದುಕೊಟ್ಟ ಪ್ರಸಾದ ತಿನ್ನುತ್ತ ಬೆನ್ನು ಹಿಡಿದುಕೊಂಡು ಕೂತೆ.

ಮೊದಲು ನೋಡಿದ ವೈದ್ಯರು ಮೂತ್ರ ಪರೀಕ್ಷೆ, ಸಕ್ಕರೆ ಪರೀಕ್ಷೆ ಮಾಡಿಸಿದರು. ಅದು ಸರಿಯಾದ ಕ್ರಮವೇ. ಸೋಂಕಿದ್ದರೂ ಸಕ್ಕರೆ ಏರಿದ್ದರೂ ಪದೇಪದೇ ಹೋಗಬೇಕಾಗುತ್ತದೆ, ಮೂತ್ರದಲ್ಲಿ ರಕ್ತ ಕಂಡರಂತೂ ಬೇರೆಯೇ ತನಿಖೆ. ನನಗೆ ಯಾವುದೂ ಇರಲಿಲ್ಲ. "ಎರಡು ನಾರ್ಮಲ್ ಡೆಲಿವರಿ ಆಗಿದೆಯಲ್ಲ, ವಯಸ್ಸೂ ಆಯಿತು" ಎಂದು ಚೀಟಿ ಮಡಚಿದರು. ಮನೆಗೆ ಬಂದು ಮೊಬೈಲಿನಲ್ಲಿ ಹುಡುಕಿದೆ. ಕೆಗೆಲ್ ವ್ಯಾಯಾಮ ಎಂದು ನೂರಾರು ವಿಡಿಯೊಗಳು. ಆರ್ನಾಲ್ಡ್ ಕೆಗೆಲ್ ಎಂಬ ಅಮೆರಿಕದ ಸ್ತ್ರೀರೋಗ ತಜ್ಞ 1948ರಲ್ಲಿ ಇದರ ಬಗ್ಗೆ ಬರೆದನಂತೆ, ಹೆಂಗಸರ ಸ್ನಾಯುವಿನ ಬಲ ಅಳೆಯಲು ಒಂದು ಉಪಕರಣವನ್ನೂ ಮಾಡಿದನಂತೆ. ಹೆರುವವರು ನಾವು, ಹೆಸರು ಅವನದು, ಇರಲಿ. ವಿಡಿಯೊದವರು ಬಿಗಿ ಹಿಡಿಯಿರಿ ಎಂದರು. ನಾನು ಹಿಡಿದೆ. ತರಕಾರಿ ಹೆಚ್ಚುವಾಗ, ಸಿಗ್ನಲ್ಲಿನಲ್ಲಿ, ಅಟೆಂಡೆನ್ಸ್ ಕರೆಯುವಾಗ, ಎಲ್ಲ ಹೊತ್ತಿನಲ್ಲೂ ಬಿಗಿ. ಮೂತ್ರ ಮಾಡುತ್ತಲೇ ನಡುವೆ ತಡೆದು ನೋಡುವುದನ್ನೂ ಅಭ್ಯಾಸ ಮಾಡಿಕೊಂಡೆ. ಆರು ತಿಂಗಳಿಗೆ ಸೋರಿಕೆ ಕಡಿಮೆಯಾಗಲಿಲ್ಲ, ಜೊತೆಗೆ ಕಿಬ್ಬೊಟ್ಟೆಯಲ್ಲಿ ಒಂದು ಎಳೆತ ಶುರುವಾಯಿತು.

ಎರಡನೆಯ ವೈದ್ಯೆ ಫಿಸಿಯೋಥೆರಪಿಗೆ ಬರೆದುಕೊಟ್ಟಾಗ ನಾನು ಚೀಟಿ ತಪ್ಪಾಗಿದೆ ಎಂದುಕೊಂಡೆ. ಫಿಸಿಯೋಥೆರಪಿ ಎಂದರೆ ಮಂಡಿಗೆ, ಹೆಗಲಿಗೆ, ಕರೆಂಟ್ ಕೊಡುವುದು. ಇದಕ್ಕೆ ಎಲ್ಲಿ ಕರೆಂಟ್ ಕೊಡುತ್ತಾರೆ ಎಂದು ಯೋಚಿಸಿಯೇ ಹದಿನೈದು ದಿನ ಮುಂದೆ ಹಾಕಿದೆ.

ಜಯನಗರದಲ್ಲಿ, ಒಂದು ಸ್ಟೇಷನರಿ ಅಂಗಡಿಯ ಮೇಲಿನ ಮಹಡಿ. ಹುಬ್ಬಳ್ಳಿ ಕಡೆಯ ಹುಡುಗಿ, ನನ್ನ ಹಳೆಯ ವಿದ್ಯಾರ್ಥಿನಿಯರ ವಯಸ್ಸು. ಮೊದಲ ಮುಕ್ಕಾಲು ಗಂಟೆ ಬರೀ ಪ್ರಶ್ನೆ. ಹೆರಿಗೆ ಎಷ್ಟು ಹೊತ್ತು ನಡೆಯಿತು, ಹೊಲಿಗೆ ಹಾಕಿದ್ದರೇ, ಮಲಬದ್ಧತೆ ಇದೆಯೇ, ಹೋಗುವಾಗ ತಿಣುಕುತ್ತೀರಾ, ದಿನಕ್ಕೆ ಕಾಫಿ ಎಷ್ಟು, ರಾತ್ರಿ ಎಷ್ಟು ಸಲ ಏಳುತ್ತೀರಿ. ಅಳುಕಿಲ್ಲದೆ ಕೇಳಿದಳು. ನಾನು ತಡವರಿಸಿದಲ್ಲೆಲ್ಲ ಅವಳೇ ಪದ ಕೊಟ್ಟಳು. ಮೂತ್ರನಾಳ, ಯೋನಿ, ಗುದದ್ವಾರ ಎಂದು ನೆಗಡಿ ಕೆಮ್ಮು ಎಂದಷ್ಟೇ ಸಲೀಸಾಗಿ ಹೇಳುತ್ತಿದ್ದ ಆ ಹುಡುಗಿಯ ಮುಂದೆ ಕನ್ನಡ ಟೀಚರು ನಾನು ತಲೆತಗ್ಗಿಸಿ ಕುಳಿತಿದ್ದೆ.

ಮಾಡಿ ತೋರಿಸಲು ಅವಳ ಬಳಿ ಪ್ಲಾಸ್ಟಿಕ್ಕಿನ ಸೊಂಟದ ಮೂಳೆ ಇತ್ತು. ಮುಂದೆ ಗುಹ್ಯದ ಮೂಳೆ, ಹಿಂದೆ ಬಾಲಮೂಳೆ. ಎರಡರ ನಡುವೆ ತಳಕ್ಕೆ ಹಾಸಿದ ಹಾಗೆ ಸ್ನಾಯುಗಳ ಪದರ. ಅವಳು ಎರಡು ಅಂಗೈ ಜೋಡಿಸಿ ತೋರಿಸಿದಳು, ನನಗೆ ಕಂಡದ್ದು ಸೀರೆಯ ಜೋಲಿ. ತೊಲೆಗೆ ಕಟ್ಟಿ ಮಗುವನ್ನು ಮಲಗಿಸುತ್ತಾರಲ್ಲ, ಅದು. ಮೂತ್ರಕೋಶ, ಗರ್ಭಕೋಶ, ಮಲಾಶಯ ಮೂರೂ ಆ ಜೋಲಿಯ ಮೇಲೆ. ಹೆರಿಗೆಯಲ್ಲಿ ಮಗುವಿನ ತಲೆ ಹೊರಬರುವಾಗ ಈ ಬಟ್ಟೆ ತನ್ನ ಉದ್ದದ ಎಷ್ಟೋ ಪಟ್ಟು ಎಳೆದುಕೊಳ್ಳುತ್ತದೆ. ಕೆಲವರಿಗೆ ಹರಿಯುತ್ತದೆ, ಕೆಲವರಿಗೆ ಜಗ್ಗುತ್ತದೆ. ಮುಟ್ಟು ನಿಂತ ಮೇಲೆ ಈಸ್ಟ್ರೋಜೆನ್ ಎಂಬ ಹಾರ್ಮೋನು ಇಳಿದು ಸುತ್ತಲಿನ ಪೊರೆ ತೆಳುವಾಗುತ್ತದೆ. ಕೆಮ್ಮಿದಾಗ ಹೊಟ್ಟೆಯ ಒತ್ತಡ ಮೇಲಿನಿಂದ ಬೀಳುತ್ತದೆ, ಕೆಳಗಿನ ಜೋಲಿ ಆ ಕ್ಷಣಕ್ಕೆ ಬಿಗಿಯಾಗಿ ಮೂತ್ರನಾಳವನ್ನು ಮುಚ್ಚಿ ಹಿಡಿಯಬೇಕು, ಹಿಡಿಯುವುದಿಲ್ಲ. ಹಂಪ್ ಇಳಿದಾಗಲೂ ಅದೇ. ಬೀಗದ ಕೈಯದು ಬೇರೆ ಬಗೆ, ಅಲ್ಲಿ ಮೂತ್ರಕೋಶವೇ ಅವಸರಪಟ್ಟು ಹಿಂಡಿಕೊಳ್ಳುತ್ತದೆ. ನನಗೆ ಎರಡೂ ಇದ್ದವು.

ಹೆರಿಗೆಯ ಮಾತು ಬಂದಾಗ ನನ್ನ ಬಾಣಂತನ ನೆನಪಾಯಿತು. ಅಮ್ಮ ಮೂರು ತಿಂಗಳು ನೋಡಿಕೊಂಡಳು. ಸೊಂಟಕ್ಕೆ ಬಟ್ಟೆ ಸುತ್ತಿದಳು, ಕಿವಿಗೆ ಹತ್ತಿ, ತಲೆಗೆ ಸಾಂಬ್ರಾಣಿ ಹೊಗೆ, ಹಾಲಿಗೆ ಸಬ್ಬಸಿಗೆ, ಬೆನ್ನಿಗೆ ಹಂಡೆಗಟ್ಟಲೆ ಬಿಸಿನೀರು. ಕುಡಿಯಲು ಮಾತ್ರ ನೀರಿಗೆ ಲೆಕ್ಕ. ತಲೆಯಿಂದ ಪಾದದವರೆಗೆ ಒಂದೊಂದು ಅಂಗಕ್ಕೂ ಒಂದೊಂದು ಔಷಧಿ ಇತ್ತು, ಹೆತ್ತ ದಾರಿಯೊಂದನ್ನು ಬಿಟ್ಟು. ಫ್ರಾನ್ಸಿನಲ್ಲಿ ಹೆರಿಗೆಯಾದ ಮೇಲೆ ಈ ಸ್ನಾಯುಗಳ ತರಬೇತಿಯ ಖರ್ಚನ್ನು ಸರ್ಕಾರಿ ಆರೋಗ್ಯ ವಿಮೆಯೇ ಕೊಡುತ್ತದೆ ಎಂದು ಹುಡುಗಿ ಹೇಳಿದಳು. ನಾನು ಒಂದು ಭೇಟಿಗೆ 900 ರೂಪಾಯಿ ಎಣಿಸಿಟ್ಟೆ.

ಪರೀಕ್ಷೆಗೆ ಮುಂಚೆ ಪರದೆ ಎಳೆದು, ಕೈಗವಸು ಹಾಕಿಕೊಂಡು, "ಬೇಡ ಅನಿಸಿದ ಕೂಡಲೇ ಹೇಳಿ, ನಿಲ್ಲಿಸುತ್ತೇನೆ ಮೇಡಂ" ಎಂದಳು. ಒಳಗೆ ಬೆರಳಿಟ್ಟು ಸ್ನಾಯುವಿನ ಬಲ ನೋಡುತ್ತಾರೆ. "ತುಂಬಿದ ಸಭೆಯಲ್ಲಿ ವಾಯು ತಡೆಯುವ ಹಾಗೆ ಒಳಕ್ಕೆ, ಮೇಲಕ್ಕೆ ಎಳೆದುಕೊಳ್ಳಿ." ಎಳೆದುಕೊಂಡೆ. "ಹುಬ್ಬು ಯಾಕೆ ಗಂಟಿಕ್ಕಿದ್ದೀರಿ? ತೊಡೆ ಬಿಡಿ. ಉಸಿರು ಆಡಲಿ." ಸೊನ್ನೆಯಿಂದ ಐದರವರೆಗಿನ ಅಳತೆಯಲ್ಲಿ ನನಗೆ ಎರಡು ಕೊಟ್ಟಳು. ಐದಕ್ಕೆ ಎರಡು, ಶೇಕಡಾ ನಲವತ್ತು. ನನ್ನ ತರಗತಿಯಲ್ಲಾದರೆ ಪಾಸು.

ಅದಕ್ಕಿಂತ ವಿಚಿತ್ರವಾದದ್ದು ಆಮೇಲೆ ನಡೆಯಿತು. "ಈಗ ಬಿಡಿ" ಎಂದಳು. ಬಿಟ್ಟೆ ಎಂದೆ. "ಇಲ್ಲ, ಇನ್ನೂ ಹಿಡಿದೇ ಇದ್ದೀರಿ." ಮತ್ತೆ ಬಿಟ್ಟೆ. "ಇನ್ನೂ." ನನಗೆ ಅಳು ಬಂತು. ಒಂಬತ್ತು ವರ್ಷ ಹಗಲೆಲ್ಲ ಬಿಗಿ ಹಿಡಿದದ್ದರಿಂದ ಆ ಸ್ನಾಯುವಿಗೆ ಸಡಿಲವಾಗುವುದೇ ಮರೆತುಹೋಗಿತ್ತು. ಬೆಳಗಿನಿಂದ ಮುಷ್ಟಿ ಬಿಗಿದಿದ್ದ ಕೈಗೆ ಸಂಜೆ ಕೊಡ ಎತ್ತು ಎಂದರೆ ಎತ್ತೀತೇ? ಮೂರು ವಾರ ಬಿಗಿಯುವ ವ್ಯಾಯಾಮವನ್ನೇ ನಿಲ್ಲಿಸಿದಳು. ಅಂಗಾತ ಮಲಗಿ, ಮಂಡಿ ಮಡಚಿ, ಉಸಿರು ಎಳೆದುಕೊಳ್ಳುವಾಗ ಹೊಟ್ಟೆ ಮೇಲೇರುತ್ತದೆ, ಜೋಲಿ ಕೆಳಗಿಳಿಯುತ್ತದೆ. ಅಷ್ಟೇ. ನೋಡುವವರಿಗೆ ಹೆಂಗಸು ಮಧ್ಯಾಹ್ನ ನಿದ್ದೆ ಮಾಡುತ್ತಿದ್ದಾಳೆ ಎನಿಸುವ ವ್ಯಾಯಾಮ. ಎಲ್ಲರಿಗೂ ಹೀಗಲ್ಲ, ಹೆಚ್ಚಿನವರಿಗೆ ಮೊದಲ ದಿನದಿಂದಲೇ ಬಿಗಿಯುವುದನ್ನು ಕಲಿಸುತ್ತಾರೆ. ಯಾರಿಗೆ ಯಾವುದು ಎಂಬುದನ್ನು ವಿಡಿಯೊ ಹೇಳಲಾರದು. ಮೂತ್ರವನ್ನು ನಡುವೆ ತಡೆಯುವ ಅಭ್ಯಾಸವನ್ನಂತೂ ಆ ದಿನವೇ ಬಿಡಿಸಿದಳು. ಖಾಲಿ ಮಾಡಲು ಕುಳಿತ ಮೂತ್ರಕೋಶವನ್ನು ಹಾಗೆ ಗೊಂದಲಗೊಳಿಸಿದರೆ ಪೂರ್ತಿ ಖಾಲಿಯಾಗದೆ ಉಳಿದುಬಿಡಬಹುದಂತೆ.

ಮನೆಪಾಠವಾಗಿ ಮೂರು ದಿನದ ದಿನಚರಿ ಬರೆಯಲು ಹೇಳಿದಳು. ಎಷ್ಟು ಗಂಟೆಗೆ ಏನು ಕುಡಿದೆ, ಎಷ್ಟು ಗಂಟೆಗೆ ಹೋದೆ, ಎಷ್ಟು ಮಿಲಿಲೀಟರ್, ಯಾವಾಗ ಸೋರಿತು. ಅಳೆಯುವುದಕ್ಕೆ ಅಡುಗೆಮನೆಯ ಹಳೆಯ ಅಳತೆಯ ಜಗ್ಗನ್ನು ಬಚ್ಚಲಿಗೆ ವರ್ಗ ಮಾಡಿದೆ. ಶನಿವಾರ, ಭಾನುವಾರ, ಒಂದು ಸರ್ಕಾರಿ ರಜೆ. ದಿನಕ್ಕೆ ಹದಿನೈದು ಸಲ ಹೋಗಿದ್ದೆ. ಒಂದೊಂದು ಸಲಕ್ಕೆ 100, 120, ಹೆಚ್ಚೆಂದರೆ 150. ನೀರು ಒಂದು ಲೀಟರೂ ಇಲ್ಲ, ಫಿಲ್ಟರ್ ಕಾಫಿ ನಾಲ್ಕು ಲೋಟ.

ಅವಳು ಪುಸ್ತಕ ತಿರುವಿ ಹಾಕಿ, ವಯಸ್ಕರ ಮೂತ್ರಕೋಶ 400ರಿಂದ 500 ಮಿಲಿಲೀಟರ್ ಹಿಡಿಯುತ್ತದೆ, ದಿನಕ್ಕೆ ಆರರಿಂದ ಎಂಟು ಸಲ ಸಾಮಾನ್ಯ ಎಂದಳು. "ನಿಮ್ಮದು ಚಿಕ್ಕದಿಲ್ಲ ಮೇಡಂ. ಚಿಕ್ಕದು ಎಂದು ಅದಕ್ಕೆ ನೀವೇ ಪಾಠ ಮಾಡಿದ್ದೀರಿ. ಬರುವ ಮೊದಲೇ ಹೋಗಿ ಹೋಗಿ, ಸ್ವಲ್ಪ ತುಂಬಿದರೂ ಅದು ಗಂಟೆ ಹೊಡೆಯುತ್ತದೆ. ನೀರು ಕಡಿಮೆ ಕುಡಿದರೆ ಮೂತ್ರ ಗಟ್ಟಿಯಾಗಿ ಇನ್ನಷ್ಟು ಕೆರಳುತ್ತದೆ."

ಜಯನಗರದಿಂದ ಮನೆಗೆ ಬರುವ ದಾರಿಯಲ್ಲಿ ಹಂಪುಗಳನ್ನು ಎಣಿಸುವುದು ಮರೆತೆ. ಇಷ್ಟು ವರ್ಷ ನನ್ನನ್ನು ಕಾಪಾಡಿದ್ದು ಎಂದುಕೊಂಡಿದ್ದ ಮುಂಜಾಗ್ರತೆಯೇ ರೋಗಕ್ಕೆ ಗೊಬ್ಬರ ಹಾಕಿತ್ತು. ಅಮ್ಮನ ಮೇಲೆ ಸಿಟ್ಟು ಬಂತು, ಕೂಡಲೇ ಹೋಯಿತು. ಬಸ್ ನಿಲ್ದಾಣದಲ್ಲಿ ಹೆಂಗಸರಿಗೆ ಒಂದು ಬಾಗಿಲೂ ಇಲ್ಲದ ಕಾಲದಲ್ಲಿ ಅವಳು ಕಲಿತ ಬುದ್ಧಿ ಅದು. ನಾವೂ ಹುಡುಗಿಯರಿಗೆ ಅದನ್ನೇ ಕಲಿಸುತ್ತಿದ್ದೇವೆ. ಪಿರಿಯಡ್ ನಡುವೆ ಎದ್ದು ನಿಂತ ಹುಡುಗಿಗೆ "ಬೆಲ್ ಹೊಡೆದಾಗ ಯಾಕೆ ಹೋಗಲಿಲ್ಲ?" ಎಂದು ನಾನು ಎಷ್ಟು ಸಲ ಗದರಿಲ್ಲ!

ಆಮೇಲಿನ ತಿಂಗಳುಗಳನ್ನು ಉದ್ದಕ್ಕೆ ಹೇಳುವಂಥದ್ದಿಲ್ಲ, ಬೇಸರದ ಕೆಲಸ. ಕಾಫಿ ಎರಡು ಲೋಟಕ್ಕೆ ಇಳಿಯಿತು, ಸಂಜೆಯ ಲೋಟವನ್ನು ಬಿಟ್ಟ ದುಃಖ ಇಂದಿಗೂ ಇದೆ. ಹೋಗುವ ಅಂತರವನ್ನು ಹದಿನೈದು ಹದಿನೈದು ನಿಮಿಷ ಹಿಗ್ಗಿಸುತ್ತ ಒಂದು ಗಂಟೆಯಿಂದ ಮೂರು ಗಂಟೆಗೆ ತಂದೆ. ನಾಲ್ಕನೆಯ ವಾರದಿಂದ ಬಿಗಿಯುವ ವ್ಯಾಯಾಮ: ಎಂಟು ಸಲ, ದಿನಕ್ಕೆ ಮೂರು ಹೊತ್ತು. ಮೊದಲು ಮೂರು ಎಣಿಸುವಷ್ಟು ಹಿಡಿತ, ಬರಬರುತ್ತ ಹತ್ತು. ಹಿಡಿದಷ್ಟೇ ಹೊತ್ತು ಬಿಡುವುದು. ಕನಿಷ್ಠ ಮೂರು ತಿಂಗಳು ಮಾಡದೆ ಫಲ ಕೇಳಬಾರದು ಎಂದು ಮೊದಲೇ ಒಪ್ಪಂದವಾಗಿತ್ತು. ಯೋಗ ಕಲಿಸುವ ಸಹೋದ್ಯೋಗಿ ಇದು ನಮ್ಮ ಮೂಲಬಂಧವೇ ಅಲ್ಲವೇ ಎಂದರು. ಹತ್ತಿರದ್ದೇ ಇರಬಹುದು. ಆದರೆ ಮೂಲಬಂಧ ಕಲಿಸಿದ ಯಾವ ಗುರುವೂ ನಿಮಗೆ ಸೀನಿದಾಗ ಹೋಗುತ್ತದೆಯೇ ಎಂದು ನನ್ನನ್ನು ಕೇಳಿರಲಿಲ್ಲ.

ಬೀಗದ ಕೈಗೆ ಅವಳು ಹೇಳಿಕೊಟ್ಟ ಮದ್ದು: ಅವಸರ ಬಂದಾಗ ಓಡಬೇಡಿ. ನಿಲ್ಲಿ. ಐದಾರು ಸಲ ಚುರುಕಾಗಿ ಬಿಗಿದು ಬಿಡಿ. ಅಲೆ ಏರಿದ ಹಾಗೆ ಇಳಿಯುತ್ತದೆ, ಇಳಿದ ಮೇಲೆ ನಡೆದು ಹೋಗಿ. ಸ್ವಂತ ಮನೆಯ ಬಾಗಿಲಲ್ಲಿ ಬೀಗ ಹಿಡಿದು ಕಂಬದಂತೆ ನಿಂತ ನನ್ನನ್ನು ಎದುರುಮನೆಯವರು ಕೀಲಿ ಮರೆತಿರಾ ಎಂದು ಎರಡು ಸಲ ಕೇಳಿದರು. ಹಂಪಿಗೆ ಬೇರೆ ಮದ್ದು. ಕೆಮ್ಮು, ಸೀನು, ಎತ್ತುವ ಭಾರ, ಯಾವುದೇ ಒತ್ತಡ ಬೀಳುವ ಕ್ಷಣದ ಮೊದಲು ಜೋಲಿಯನ್ನು ಎತ್ತಿಕೊಳ್ಳುವುದು, ಆದಮೇಲೆ ಬಿಡುವುದು. ನನಗಾದರೋ ದಿನಕ್ಕೆ ಹೋಗಿಬರುವ ಮೂವತ್ತನಾಲ್ಕು ಅಭ್ಯಾಸಗಳು ರಸ್ತೆಯಲ್ಲೇ ಹಾಸಿಟ್ಟಿದ್ದವು. ಬೇಕರಿ, ಎತ್ತು, ಇಳಿ, ಬಿಡು. ಗಣಪತಿ ಗುಡಿ, ಎತ್ತು. ಬೆಂಗಳೂರಿನ ರಸ್ತೆಗಳು ಯಾರಿಗಾದರೂ ಉಪಕಾರ ಮಾಡಿದ್ದರೆ ಅದು ನನಗೆ.

ಇನ್ನು ಅತ್ತೆಯವರ ವಿಷಯ. ಜಗ್ಗು ಬಚ್ಚಲು ಸೇರಿದ ಮೊದಲ ದಿನವೇ ಅವರು ಕೇಳಿದ್ದರು: "ಇದೇನಮ್ಮ, ಹಾಲು ಅಳೆಯುವ ಜಗ್ಗು ಇಲ್ಲಿ?" ಹೇಗೂ ಎಪ್ಪತ್ತಾರರ ಮುದುಕಿಯ ಮುಂದೆ ನಾಚಿಕೆ ಏಕೆ ಎಂದು ಹೇಳಿಬಿಟ್ಟೆ. ಅವರು ಏನೂ ಅನ್ನಲಿಲ್ಲ. ಎರಡು ತಿಂಗಳು ಕಳೆದ ಮೇಲೆ, ನಾನು ಹುರುಳಿಕಾಯಿ ಬಿಡಿಸುತ್ತ ಕೂತಿದ್ದಾಗ, ಟಿವಿಯ ಕಡೆಗೇ ಮುಖ ಮಾಡಿಕೊಂಡು ಕೇಳಿದರು. "ಅದು ನಿಲ್ಲುತ್ತದೆಯೇ?"

ಯಾವುದು ಎಂದು ಕೇಳುವಷ್ಟು ದಡ್ಡಿಯಾಗಿರಲಿಲ್ಲ ನಾನು. ಐದು ವರ್ಷದ ಹಿಂದೆ ಅವರು ನೈವೇದ್ಯ ಮಾಡುವುದನ್ನು ಬಿಟ್ಟಿದ್ದರು. ಮಡಿಯುಟ್ಟು ಒಲೆ ಮುಂದೆ ನಿಲ್ಲಲು ಮಂಡಿ ಕೇಳುವುದಿಲ್ಲ ಎಂದಿದ್ದರು. ದೇವರ ಮನೆಯ ಹೊಸ್ತಿಲಾಚೆ ಕುರ್ಚಿ ಹಾಕಿಸಿಕೊಂಡು ಕೂರುತ್ತಿದ್ದರು, ಒಳಗೆ ಬರುತ್ತಿರಲಿಲ್ಲ. ಮಂಡಿ ನೋವಿನ ಎಣ್ಣೆಯನ್ನು ನಾನೇ ಎಷ್ಟು ಸೀಸೆ ತಂದುಕೊಟ್ಟಿದ್ದೇನೆ! ಹಳೆಯ ಹತ್ತಿ ಸೀರೆಗಳು ಒಂದೊಂದಾಗಿ ಕಾಣೆಯಾಗುತ್ತಿದ್ದದ್ದು, ರಾತ್ರಿ ಯಾರೂ ಏಳುವ ಮೊದಲೇ ಬಟ್ಟೆ ಒಗೆದು ಹಿತ್ತಲಿನಲ್ಲಿ ಹರವುತ್ತಿದ್ದದ್ದು, ಎಲ್ಲವೂ ನನ್ನ ಕಣ್ಣೆದುರಿಗೇ ಇತ್ತು. ಅದೇ ಬಚ್ಚಲು, ಅದೇ ಕಾಯಿಲೆ, ಇಬ್ಬರೂ ಸರದಿಯ ಮೇಲೆ ಬಚ್ಚಿಡುತ್ತಿದ್ದೆವು. ನನ್ನ ಬೆನ್ನುನೋವು, ಅವರ ಮಂಡಿನೋವು.

ಅತ್ತೆಯವರಿಗೆ ಗರ್ಭಕೋಶವೂ ಸ್ವಲ್ಪ ಜಾರಿತ್ತು. ವೈದ್ಯೆ ಒಳಗೆ ಕೂರಿಸುವ ಸಿಲಿಕೋನ್ ಉಂಗುರ ಹಾಕಿದರು, ಹುಬ್ಬಳ್ಳಿಯ ಹುಡುಗಿ ಹದಿನೈದು ದಿನಕ್ಕೊಮ್ಮೆ ಮನೆಗೇ ಬಂದಳು. ವ್ಯಾಯಾಮ ಮಾಡುವಾಗ ಎಣಿಸುವ ಬದಲು ಅತ್ತೆ ಒಂದೊಂದು ಹಿಡಿತಕ್ಕೂ ಕೇಶವ, ನಾರಾಯಣ, ಮಾಧವ ಎಂದು ಹೇಳಿಕೊಳ್ಳುತ್ತಿದ್ದರು. ಮೂರು ಹೆಸರಿಗೆ ಬಿಡಬೇಕಾದದ್ದನ್ನು ಭಕ್ತಿ ಹೆಚ್ಚಾಗಿ ದಾಮೋದರನವರೆಗೂ ಹಿಡಿಯುತ್ತಿದ್ದರಂತೆ. ಪೂರ್ತಿ ನಿಂತಿಲ್ಲ. ಮೊದಲಿನ ಕಾಲುಭಾಗಕ್ಕೆ ಇಳಿದಿದೆ, ರಾತ್ರಿ ಪ್ಯಾಡ್ ಬೇಕು. ಆದರೆ ಕಳೆದ ಗೌರಿ ಹಬ್ಬದ ದಿನ ಬೆಳಿಗ್ಗೆ ಐದು ಗಂಟೆಗೆ ಪಟ್ಟೆ ಸೀರೆಯುಟ್ಟು ಅಡುಗೆಮನೆಯಲ್ಲಿ ನಿಂತಿದ್ದರು, ಹಯಗ್ರೀವಕ್ಕೆ ಕಡಲೆಬೇಳೆ ಬೇಯುತ್ತಿತ್ತು. ನಾನು ಮಾತಾಡುವ ಮೊದಲೇ ಹೇಳಿದರು: "ಮೈಲಿಗೆ ಹತ್ತಿ ಬಟ್ಟೆಗೆ. ಈ ಪ್ಯಾಡು ಹತ್ತಿಯಲ್ಲ, ಪ್ಲಾಸ್ಟಿಕ್ಕು. ರೇಷ್ಮೆಗೆ ಇಲ್ಲದ ಮೈಲಿಗೆ ಪ್ಲಾಸ್ಟಿಕ್ಕಿಗೆ ಎಲ್ಲಿಂದ?" ಯಾವ ಮಠದ ಪಂಡಿತರೂ ಇದಕ್ಕೆ ಒಪ್ಪುವುದಿಲ್ಲ. ನಾನು ಒಪ್ಪಿದೆ.

ನನಗೀಗ ದಿನಕ್ಕೆ ಏಳು ಸಲ. ಬೀರುವಿನ ಲಂಗ ಇನ್ನೂ ಅಲ್ಲಿಯೇ ಇದೆ, ತೆಗೆಯುವ ಧೈರ್ಯ ಬಂದಿಲ್ಲ. ಪಿರಿಯಡ್ ನಡುವೆ ಕೈಯೆತ್ತಿದ ಹುಡುಗಿಯನ್ನು ಕಾರಣ ಕೇಳದೆ ಕಳಿಸುತ್ತೇನೆ. ಈ ಅನುಕೂಲವನ್ನು ಕಂಡುಕೊಂಡ ಎಂಟನೇ ತರಗತಿಯ ನಾಲ್ವರು ವ್ಯಾಕರಣದ ದಿನವೇ ಕೈಯೆತ್ತುತ್ತಾರೆ.

ಹೋದ ಸೋಮವಾರ ಹಿಟ್ಟಿನ ಗಿರಣಿಗೂ ಶಾಲೆಗೂ ನಡುವೆ ಯಾರೋ ಹದಿನೆಂಟನೆಯದನ್ನು ಹಾಕಿದ್ದರು. ಬಣ್ಣವಿಲ್ಲ, ಹಸಿ ಟಾರು, ಮರದ ನೆರಳು ಬೇರೆ. ಸ್ಕೂಟರು ಹಾರಿ ಬಿದ್ದಿತು, ಬ್ಯಾಗಿನಲ್ಲಿದ್ದ ಡಬ್ಬಿ ತೆರೆದು ಸಾರು ಚೆಲ್ಲಿತು. ನಾನು ಪಕ್ಕಕ್ಕೆ ನಿಲ್ಲಿಸಿ ಒಂದು ನಿಮಿಷ ಕಾದೆ. ಒಂದು ಹನಿ ಇರಬಹುದು, ಇಲ್ಲದೆಯೂ ಇರಬಹುದು. ಉತ್ತರಪತ್ರಿಕೆಗಳಿಗೆ ಸಾರು ತಾಗಿದೆಯೇ ಎಂದು ನೋಡಿಕೊಂಡು ಹೊರಟೆ. ಮೊದಲ ಪಿರಿಯಡ್ ಹತ್ತನೇ ತರಗತಿ, ಹಳಗನ್ನಡ ಪದ್ಯ. ಆಗಲೇ ಬೆಲ್ ಹೊಡೆದಿತ್ತು.